ನೋವು ಬೇರೆ, ರೋಗ ಬೇರೆ: ರುಮಟಾಯ್ಡ್ ಆರ್ಥರೈಟಿಸ್ ಮತ್ತು ನನ್ನ ಮನೆಮದ್ದಿನ ಲೆಕ್ಕ



ಈಗ ಕೈ ಮುಗಿದಾಗ ಮುಂದಿನ ಸಾಲಿನಲ್ಲಿ ಕೂತಿರುವವರು ಗಮನಿಸಿರಬಹುದು. ನನ್ನ ಎರಡು ಅಂಗೈ ಪೂರ್ತಿ ಸೇರಲ್ಲ. ಬೆರಳ ತುದಿ ಸೇರುತ್ತೆ, ಕೆಳಗಡೆ ಮಣಿಕಟ್ಟಿನ ಹತ್ತಿರ ಒಂದು ಸಂದು ಉಳಿಯುತ್ತೆ. ಬಲಗೈ ಮಣಿಕಟ್ಟು ಹಿಂದಕ್ಕೆ ಇಷ್ಟೇ ಬಾಗೋದು, ನೋಡಿ. ನನಗೆ ರುಮಟಾಯ್ಡ್ ಆರ್ಥರೈಟಿಸ್ ಇದೆ. ನಮ್ಮ ಕಡೆ ಸಂಧಿವಾತ ಅಂತಾರೆ, ಆಯುರ್ವೇದದವರು ಆಮವಾತ ಅಂತ ಹೇಳೋದುಂಟು.

ಈ ಚಾನೆಲ್‌ನವರು ಕರೆದಾಗ "ಮಾತ್ರೆ ಇಲ್ಲದೆ ನೋವು ಕಡಿಮೆ ಮಾಡಿಕೊಳ್ಳೋದು ಹೇಗೆ ಅಂತ ಹೇಳಿ ಮೇಡಂ, ಜನಕ್ಕೆ ಉಪಯೋಗ ಆಗುತ್ತೆ" ಅಂದರು. ಹೇಳ್ತೀನಿ, ಬೇಕಾದಷ್ಟು ಇದೆ, ದಿನಾ ಮಾಡ್ತೀನಿ ಕೂಡ, ಆದರೆ ಈ ಸಂದು ಹೇಗೆ ಬಂತು ಅನ್ನೋದನ್ನೂ ಹೇಳ್ತೀನಿ ಅಂದೆ. ಅವರು ಒಪ್ಪಿದರು.

ನಾನು ಡಾಕ್ಟರ್ ಅಲ್ಲ. ಊರು ಚನ್ನರಾಯಪಟ್ಟಣದ ಹತ್ತಿರ, ಎಂ.ಟೆಕ್ ಮುಗಿಸಿ ಪುಣೆಗೆ ಬಂದವಳು. ಹಿಂಜೇವಾಡಿಯಲ್ಲಿ ಕೆಲಸ, ವಾಕಡ್‌ನಲ್ಲಿ ಮನೆ. ನನ್ನ ವೃತ್ತಿಯ ಅಭ್ಯಾಸ ಏನಂದ್ರೆ, ಏನಾದ್ರೂ ಕೆಟ್ಟರೆ ಲಾಗ್ ನೋಡೋದು. ನನ್ನ ಮೈ ವಿಷಯದಲ್ಲಿ ಆ ಅಭ್ಯಾಸ ತುಂಬಾ ತಡವಾಗಿ ಬಂತು.

2018ರ ದಸರಾ ಮುಗಿದ ಮೇಲೆ ಶುರು ಆಗಿದ್ದು. ಬೆಳಿಗ್ಗೆ ಎದ್ದರೆ ಎರಡೂ ಕೈಯ ಬೆರಳು ಮಡಚೋಕೆ ಆಗ್ತಿರಲಿಲ್ಲ. ಟೂತ್‌ಪೇಸ್ಟ್ ಒತ್ತೋಕೆ ಆಗಲ್ಲ. ಕುಕ್ಕರ್ ಮುಚ್ಚಳ ತೆಗೆಯೋಕೆ ನಮ್ಮನೆಯವರನ್ನ ಕರೀಬೇಕು. ಹತ್ತು ಗಂಟೆ ಹೊತ್ತಿಗೆ ಸಡಿಲ ಆಗ್ತಿತ್ತು, ಆಫೀಸಿಗೆ ಹೋಗಿ ಟೈಪ್ ಮಾಡ್ತಿದ್ದೆ, ಹಾಗಾಗಿ "ಮೌಸ್ ಜಾಸ್ತಿ ಹಿಡಿದಿದ್ದಕ್ಕೆ" ಅಂತಲೇ ಅಂದುಕೊಂಡೆ. ಮೊದಲು ನೋಡಿದ ಮೂಳೆ ಡಾಕ್ಟರೂ ಅದನ್ನೇ ಹೇಳಿ ಒಂದು ಪಟ್ಟಿ ಕೊಟ್ಟರು. ಮೂರು ತಿಂಗಳು ಹಾಗೇ ಹೋಯ್ತು. ಆಮೇಲೆ ಆಫೀಸಿನ ಗೆಳತಿಯೊಬ್ಬಳು ಹಟ ಹಿಡಿದು ರುಮಟಾಲಜಿಸ್ಟ್ ಹತ್ತಿರ ಕರ್ಕೊಂಡು ಹೋದಳು. ಅಂಥ ಡಾಕ್ಟರು ಇರ್ತಾರೆ ಅಂತಲೇ ನನಗೆ ಅಲ್ಲೀವರೆಗೆ ಗೊತ್ತಿರಲಿಲ್ಲ.

ನಿಮಗೆ ಗುರುತು ಸಿಗಲಿ ಅಂತ ಇಷ್ಟು ಹೇಳ್ತೀನಿ. ಮೌಸ್ ಹಿಡಿದು ಬರುವ ನೋವು ಸಾಮಾನ್ಯವಾಗಿ ಕೆಲಸ ಮಾಡುವ ಕೈಯಲ್ಲಿ ಬರುತ್ತೆ, ಕೆಲಸ ಮಾಡಿದಷ್ಟೂ ಜಾಸ್ತಿ ಆಗುತ್ತೆ, ವಿಶ್ರಾಂತಿ ಕೊಟ್ಟರೆ ಇಳಿಯುತ್ತೆ. ಇದು ತಿರುಗಾಮುರುಗಾ. ಎರಡೂ ಕೈಯಲ್ಲಿ, ಬೆರಳ ಬುಡದ ಮತ್ತು ನಡುವಿನ ಗೆಣ್ಣುಗಳಲ್ಲಿ, ಮಣಿಕಟ್ಟಲ್ಲಿ, ಪಾದದ ಮುಂಭಾಗದಲ್ಲಿ. ರಾತ್ರಿಯೆಲ್ಲಾ ವಿಶ್ರಾಂತಿ ಕೊಟ್ಟ ಮೇಲೇ ಜಾಸ್ತಿ. ಬೆಳಗಿನ ಬಿಗಿತ ಅರ್ಧ ಗಂಟೆ, ಒಂದು ಗಂಟೆ ಮೀರಿ ಉಳಿಯುತ್ತೆ. ಕೀಲು ಮುಟ್ಟಿದರೆ ಮೆತ್ತಗೆ ಊದಿರುತ್ತೆ. ಹೀಗೆ ಆರು ವಾರ ಇದ್ದರೆ ಮೂಳೆ ಡಾಕ್ಟರಲ್ಲ, ರುಮಟಾಲಜಿಸ್ಟ್ ಹತ್ತಿರ ಹೋಗಿ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ವಯಸ್ಸಾದವರಿಗೆ ಬರೋ ಮಂಡಿ ಸವೆತ ಅಲ್ಲ ಇದು. ನನಗೆ ಆಗ ವಯಸ್ಸು 29.

ಒಳಗೆ ಆಗೋದಿಷ್ಟು. ನಮ್ಮನ್ನ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಕೀಲಿನ ಒಳಪದರವನ್ನೇ ಶತ್ರು ಅಂತ ತಿಳಿದು ಹೊಡೆಯೋಕೆ ಶುರು ಮಾಡುತ್ತೆ. ಆ ಪದರ ಊದಿ, ದಪ್ಪ ಆಗಿ, ಪಕ್ಕದ ಮೃದ್ವಸ್ಥಿಯನ್ನ, ಮೂಳೆಯನ್ನ ನಿಧಾನಕ್ಕೆ ತಿನ್ನುತ್ತೆ. ಊತ, ನೋವು ಇವು ನಮಗೆ ಗೊತ್ತಾಗುತ್ತೆ. ಮೂಳೆ ಸವೆಯೋದು ಗೊತ್ತಾಗಲ್ಲ. ಇವತ್ತು ನಾನು ಹೇಳೋ ಬೇರೆ ಎಲ್ಲಾ ಮರೆತರೂ ಇದೊಂದು ನೆನಪಿಡಿ, ಯಾಕಂದ್ರೆ ನಾನು ತಪ್ಪಿದ್ದು ಇಲ್ಲೇ. ನೋವು ಒಂದು ಮೀಟರು, ರೋಗ ಇನ್ನೊಂದು ಮೀಟರು. ಎರಡೂ ಒಟ್ಟಿಗೆ ಇಳಿಯಬೇಕು ಅಂತೇನಿಲ್ಲ.

ರಕ್ತ ಪರೀಕ್ಷೆಯಲ್ಲಿ ಆ್ಯಂಟಿ ಸಿಸಿಪಿ ಪಾಸಿಟಿವ್ ಬಂತು. ಸಿಆರ್‌ಪಿ, ಇಎಸ್‌ಆರ್ ಎರಡೂ ಜಾಸ್ತಿ. ವಾರಕ್ಕೊಂದು ಸಲ ಮೆಥೊಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆಸಿಡ್, ಹೈಡ್ರಾಕ್ಸಿಕ್ಲೋರೋಕ್ವಿನ್ ಶುರು ಮಾಡಿದರು. ಮನೆಗೆ ಬಂದು ಗೂಗಲ್ ಮಾಡಿದೆ. ಮೆಥೊಟ್ರೆಕ್ಸೇಟ್ ಕ್ಯಾನ್ಸರಿಗೆ ಕೊಡೋ ಔಷಧ ಅಂತ ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ. ಅದು ನಿಜವೇ, ಆದರೆ ಕ್ಯಾನ್ಸರಿಗೆ ಕೊಡೋ ಪ್ರಮಾಣದ ಪಕ್ಕದಲ್ಲಿ ನಮಗೆ ಕೊಡೋದು ತುಂಬಾ ಚಿಕ್ಕದು. ಇದನ್ನ ಯಾರೂ ಕೂರಿಸಿ ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಆ ಭಯ ಒಳಗೇ ಉಳೀತು. ಮಾತ್ರೆ ಮಾತ್ರ ತಗೊಂಡೆ. ಎರಡು ಮೂರು ತಿಂಗಳಿಗೆ ಕೈ ಸಡಿಲ ಆಯ್ತು. 2019 ಪೂರ್ತಿ ಚೆನ್ನಾಗಿದ್ದೆ.

2020ರ ಮಾರ್ಚ್ ನಿಮಗೆಲ್ಲಾ ನೆನಪಿರುತ್ತೆ. ಕೊರೊನಾಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಒಳ್ಳೇದಂತೆ ಅಂತ ಸುದ್ದಿ ಬಂದಿದ್ದೇ ತಡ, ಅದು ಬೇಕೇ ಇಲ್ಲದವರೆಲ್ಲಾ ಕೊಂಡುಕೊಂಡರು. ದಿನಾ ಬೇಕಿದ್ದ ನಮ್ಮಂಥವರಿಗೆ ಅಂಗಡಿಯಲ್ಲಿ ಸಿಗಲಿಲ್ಲ. ವರ್ಕ್ ಫ್ರಂ ಹೋಮ್ ಅಂತ ಪಾಸ್ ಮಾಡಿಸಿ ಊರಿಗೆ ಹೋದ್ವಿ. ಒಂದು ಮಾತ್ರೆ ಇಲ್ಲ, ಡಾಕ್ಟರು ಪುಣೆಯಲ್ಲಿ, ರಕ್ತ ಪರೀಕ್ಷೆಗೆ ಹೊರಗೆ ಹೋಗೋ ಹಾಗಿಲ್ಲ. ನನ್ನೊಳಗಿದ್ದ ಹಳೇ ಭಯಕ್ಕೆ ಒಳ್ಳೆ ನೆಪ ಸಿಕ್ಕಿತು. ಎರಡನೇದನ್ನೂ ನಿಲ್ಲಿಸಿಬಿಟ್ಟೆ.

ಅಮ್ಮನಿಗೆ ಖುಷಿ ಆಯ್ತು. "ಆ ಸುಡುಗಾಡು ಮಾತ್ರೆ ಬಿಡು ಪುಟ್ಟಿ, ನಾನು ನೋಡ್ಕೋತೀನಿ" ಅಂದಳು. ಹಿತ್ತಲಿನಿಂದ ಲಕ್ಕಿ ಸೊಪ್ಪು ತಂದು ಕುದಿಸಿ ಕೈ ಅದ್ದಿಸೋಳು. ರಾತ್ರಿ ಹರಳೆಣ್ಣೆ ಬಿಸಿ ಮಾಡಿ ತಿಕ್ಕೋಳು. ನಿಜ ಹೇಳ್ತೀನಿ, ಆರಾಮ ಅನ್ನಿಸ್ತಿತ್ತು. ಎರಡು ತಿಂಗಳು ಹೇಗೋ ನಡೀತು, ಆಮೇಲೆ ಊತ ಬರೋಕೆ ಶುರು ಆಯ್ತು. ಆಗ ದೊಡ್ಡಪ್ಪ ಒಬ್ಬರ ಹತ್ತಿರ ಕರ್ಕೊಂಡು ಹೋದರು. ಯಾರು, ಎಲ್ಲಿ ಅಂತ ಹೇಳಲ್ಲ. ಓದಿದ ಆಯುರ್ವೇದ ವೈದ್ಯರಲ್ಲ ಅವರು, ನಾಟಿ ಔಷಧಿ ಅಂತ ಕೊಡೋರು. ಬೂದು ಬಣ್ಣದ ಪುಡಿ, ಕಾಗದದ ಪೊಟ್ಟಣದಲ್ಲಿ. ಮೇಲೆ ಏನೂ ಬರೆದಿಲ್ಲ.

ನಾಲ್ಕೇ ದಿನ. ನಾಲ್ಕು ದಿನಕ್ಕೆ ನಾನು ರಾಗಿ ಮುದ್ದೆ ತೊಳೆಸಿದೆ! ಮುದ್ದೆಕೋಲು ಹಿಡಿದು ಎಷ್ಟು ಕಾಲ ಆಗಿತ್ತು ಅಂತ ಅಮ್ಮ ಕಣ್ಣೀರು ಹಾಕಿದಳು. ಆಫೀಸಿನ ಗ್ರೂಪಿನಲ್ಲೂ ಬರೆದುಕೊಂಡೆ, ನಮ್ಮ ಹಿರಿಯರ ಜ್ಞಾನ ಎಷ್ಟು ದೊಡ್ಡದು ಅಂತ. ಆ ಮೆಸೇಜ್ ಓದಿ ಎಷ್ಟು ಜನ ಆ ಪುಡಿ ತರಿಸಿಕೊಂಡರೋ, ಈಗ ಯೋಚಿಸಿದರೆ ಎದೆ ಧಸಕ್ ಅನ್ನುತ್ತೆ.

ಇಲ್ಲಿ ಒಂದು ಹಳೇ ಕಥೆ ಹೇಳಬೇಕು. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅನ್ನೋ ಡಾಕ್ಟರು 1948ರಲ್ಲಿ ಇದೇ ಕಾಯಿಲೆಯ ಒಬ್ಬ ಹೆಣ್ಣುಮಗಳಿಗೆ, ಆಗಷ್ಟೇ ತಯಾರಾಗಿದ್ದ, ಮುಂದೆ ಕಾರ್ಟಿಸೋನ್ ಅಂತ ಹೆಸರಾದ ಒಂದು ರಾಸಾಯನಿಕ ಚುಚ್ಚಿದರು. ಏಳೋಕೇ ಕಷ್ಟ ಪಡ್ತಿದ್ದ ಆಕೆ ಕೆಲವೇ ದಿನದಲ್ಲಿ ಓಡಾಡಿದಳು. ಜಗತ್ತು ಬೆರಗಾಯಿತು, 1950ರಲ್ಲಿ ಹೆಂಚ್ ಮತ್ತು ಅವರ ಜೊತೆ ಇನ್ನಿಬ್ಬರಿಗೆ ನೊಬೆಲ್ ಬಂತು. ಆಮೇಲೆ ಅದರ ಇನ್ನೊಂದು ಮುಖ ಕಾಣಿಸಿತು. ಹೆಚ್ಚು ಪ್ರಮಾಣದಲ್ಲಿ ಹೆಚ್ಚು ದಿನ ತಗೊಂಡರೆ ಮುಖ ಊದೋದು, ಸಕ್ಕರೆ ಏರೋದು, ಮೂಳೆ ಟೊಳ್ಳಾಗೋದು. ಅದೇ ಸ್ಟೀರಾಯ್ಡ್ ಕುಟುಂಬ. ಡಾಕ್ಟರು ಲೆಕ್ಕ ಹಾಕಿ, ಚಿಕ್ಕ ಅವಧಿಗೆ ಕೊಟ್ಟರೆ ಈಗಲೂ ಒಳ್ಳೆ ಔಷಧ. ಲೆಕ್ಕ ಇಲ್ಲದೆ, ಹೆಸರಿಲ್ಲದೆ, ಪೊಟ್ಟಣದಲ್ಲಿ ಬಂದರೆ?

ಏಳನೇ ತಿಂಗಳಿಗೆ ನನ್ನ ಮುಖ ಚಂದ್ರನ ಹಾಗೆ ದುಂಡಗಾಗಿತ್ತು. ಒಂಬತ್ತು ಕೆಜಿ ಜಾಸ್ತಿ. ಊರವರು "ಅಮ್ಮನ ಕೈ ಊಟ ಹಿಡಿಸಿದೆ" ಅಂದರು. 2021ರ ಜನವರಿಯಲ್ಲಿ ಪುಣೆಗೆ ವಾಪಸ್ ಬಂದಾಗ ಪುಡಿ ಖಾಲಿ ಆಯ್ತು. ಐದನೇ ದಿನಕ್ಕೆ ಮಂಚದಿಂದ ಏಳೋಕಾಗಲಿಲ್ಲ. ವಾಂತಿ, ತಲೆಸುತ್ತು, ಒಂದೊಂದು ಕೀಲೂ ಬೆಂಕಿ. ನನ್ನ ಹಳೇ ಡಾಕ್ಟರು ಮುಖ ನೋಡಿದ ತಕ್ಷಣ "ಬೇಟಾ, ಕೌನ್ಸಾ ಪೌಡರ್ ಖಾಯಾ?" ಅಂತ ಕೇಳಿದರು. ಬೆಳಿಗ್ಗೆ ಎಂಟು ಗಂಟೆಯ ಕಾರ್ಟಿಸಾಲ್ ಪರೀಕ್ಷೆ ಮಾಡಿಸಿದರು. ತೀರಾ ಕಡಿಮೆ ಬಂತು. ಹೊರಗಿನಿಂದ ಸ್ಟೀರಾಯ್ಡ್ ಬರ್ತಾ ಇದ್ದರೆ ಮೈ ತನ್ನದನ್ನ ತಯಾರಿಸೋದು ನಿಲ್ಲಿಸಿಬಿಡುತ್ತೆ. ಥಟ್ಟಂತ ನಿಲ್ಲಿಸಿದರೆ ಪ್ರಾಣಕ್ಕೂ ಅಪಾಯ. ಪುಡಿಯನ್ನ ನಾನು ಲ್ಯಾಬಿಗೆ ಕೊಟ್ಟಿಲ್ಲ, ಉಳಿದಿರಲೂ ಇಲ್ಲ. ಆದರೆ ಆ ರಿಪೋರ್ಟ್ ಇನ್ನೇನು ಹೇಳಬೇಕು.

ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಮೂಳೆಗಳ ಅಂಚು ಇಲಿ ಕಚ್ಚಿದ ಹಾಗೆ ಕಂಡಿತು. 2019ರ ಎಕ್ಸ್‌ರೇಯಲ್ಲಿ ಅದು ಇರಲಿಲ್ಲ. ಮುದ್ದೆ ತೊಳೆಸಿ ಖುಷಿ ಪಡ್ತಿದ್ದ ತಿಂಗಳುಗಳಲ್ಲೇ ಮೂಳೆ ಹೋಗಿದ್ದು. ಹೋದ ಮೂಳೆ ವಾಪಸ್ ಬರಲ್ಲ.

ಇಷ್ಟು ಕೇಳಿದ ಮೇಲೆ ನಾನು ನೈಸರ್ಗಿಕ ಉಪಾಯಗಳ ವಿರೋಧಿ ಅಂದುಕೊಳ್ಳಬೇಡಿ. ಲಕ್ಕಿ ಸೊಪ್ಪು ನನಗೆ ಏನೂ ಕೆಟ್ಟದ್ದು ಮಾಡಲಿಲ್ಲ. ಲಕ್ಕಿ ಸೊಪ್ಪನ್ನ ಮೆಥೊಟ್ರೆಕ್ಸೇಟ್‌ನ ಜಾಗದಲ್ಲಿ ಕೂರಿಸಿದ್ದು ನಾನು. ವಾಪಸ್ ಚಿಕಿತ್ಸೆ ಶುರು ಮಾಡಿದ ಮೇಲೆ, ಈ ಸಲ ಸರಿಯಾಗಿ ಲೆಕ್ಕ ಇಡೋಣ ಅಂತ ಒಂದು ಎಕ್ಸೆಲ್ ಶೀಟ್ ಮಾಡಿದೆ. ದಿನಾ ಐದು ಕಾಲಂ. ಬೆಳಗಿನ ಬಿಗಿತ ಎಷ್ಟು ನಿಮಿಷ, ನೋವಿಗೆ ಹತ್ತಕ್ಕೆ ಎಷ್ಟು, ನಿದ್ದೆ ಎಷ್ಟು ಗಂಟೆ, ನಡಿಗೆ ಎಷ್ಟು, ಆ ದಿನದ ವಿಶೇಷ ಏನು. ಮೂರು ತಿಂಗಳಿಗೊಮ್ಮೆ ಸಿಆರ್‌ಪಿ ಬೇರೆ ಶೀಟ್‌ನಲ್ಲಿ. ಹೊಸದೇನಾದರೂ ಪ್ರಯೋಗ ಮಾಡಿದರೆ ಒಂದು ಸಲಕ್ಕೆ ಒಂದೇ, ಕನಿಷ್ಠ ಆರು ವಾರ.

ಒಂದೇ ಯಾಕೆ ಅಂದ್ರೆ, ಈ ಕಾಯಿಲೆಗೆ ಏರಿಳಿತ ಇದ್ದೇ ಇರುತ್ತೆ. ನಾವು ಮನೆಮದ್ದು ಹುಡುಕೋದು ಯಾವಾಗ? ನೋವು ತುದಿಗೇರಿದಾಗ. ತುದಿಗೇರಿದ್ದು ಏನೂ ಮಾಡದಿದ್ದರೂ ಸ್ವಲ್ಪ ಇಳಿಯುತ್ತೆ. ಆ ಇಳಿತದ ಹೊತ್ತಿಗೆ ಬಾಯಲ್ಲಿ ಏನಿತ್ತೋ ಅದಕ್ಕೆ ಹೆಸರು. ಸರ್ವರ್ ತಾನಾಗೇ ಸರಿಹೋದಾಗ "ನಾನು ರೀಸ್ಟಾರ್ಟ್ ಮಾಡಿದ್ದಕ್ಕೆ" ಅಂತ ಸ್ಟ್ಯಾಂಡ್‌ಅಪ್‌ನಲ್ಲಿ ಹೇಳ್ತೀವಲ್ಲ, ಹಾಗೆ.

ನನ್ನ ಶೀಟ್‌ನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಬಿಸಿ. ಬೆಳಗಿನ ಬಿಗಿತಕ್ಕೆ ಒಂದು ಕಾರಣ ಇದೆ. ಊತ ಉಂಟುಮಾಡೋ ರಾಸಾಯನಿಕಗಳು ರಾತ್ರಿ ಏರ್ತಾ ಹೋಗಿ ಬೆಳಗಿನ ಜಾವಕ್ಕೆ ತುದಿಗೆ ಬರ್ತವೆ. ಹಾಗಾಗಿ ಎದ್ದ ತಕ್ಷಣ ಸ್ನಾನಕ್ಕೆ ಮುಂಚೆ ಒಂದು ಬೇಸಿನ್ ಬಿಸಿನೀರಿನಲ್ಲಿ ಹದಿನೈದು ನಿಮಿಷ ಕೈ ಅದ್ದಿ, ನೀರೊಳಗೇ ಮುಷ್ಟಿ ಕಟ್ಟೋದು, ಬಿಚ್ಚೋದು ಮಾಡ್ತೀನಿ. ಅದು ಮಾಡಿದ ದಿನ ಬಿಗಿತ ನಲವತ್ತು ನಿಮಿಷಕ್ಕೆ ಇಳೀತಿತ್ತು, ಮಾಡದ ದಿನ ಎಪ್ಪತ್ತು. ನಮ್ಮ ಪಕ್ಕದ ಮನೆ ಕಾಕು, ಸಾತಾರಾ ಕಡೆಯವರು, ಅವರ ಊರಿಂದ ನಿರ್ಗುಡಿ ಸೊಪ್ಪು ತಂದುಕೊಟ್ಟರು. ನೋಡಿದರೆ ನಮ್ಮ ಲಕ್ಕಿ ಸೊಪ್ಪೇ! ಆರು ವಾರ ಸೊಪ್ಪು ಹಾಕಿ, ಆರು ವಾರ ಬರೀ ಬಿಸಿನೀರು ಮಾಡಿ ನೋಡಿದೆ. ನನ್ನ ಶೀಟ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೂ ಸಿಕ್ಕಾಗ ಹಾಕ್ತೀನಿ. ಆ ವಾಸನೆಗೆ ಊರು ನೆನಪಾಗುತ್ತೆ, ಅದಕ್ಕೇನು ಕಾಲಂ ಇಲ್ಲ. ಒಂದು ಎಚ್ಚರಿಕೆ, ಕೀಲು ಕೆಂಪಗಾಗಿ ಮುಟ್ಟಿದರೆ ಸುಡ್ತಾ ಇದ್ದರೆ ಬಿಸಿ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಸಾಕು. ಹರಳೆಣ್ಣೆಗೂ ಅಷ್ಟೇ, ಮೆಲ್ಲಗೆ ಸವರೋದು, ಊದಿದ ಕೀಲನ್ನ ಜೋರಾಗಿ ತಿಕ್ಕೋದಲ್ಲ.

ಎರಡನೇದು ವ್ಯಾಯಾಮ. ನೋಯ್ತಿರೋವಾಗ ಆಡಿಸಬಾರದು ಅಂತ ಎಲ್ಲರೂ ಹೇಳ್ತಾರೆ, ನಾನೂ ಆಡಿಸ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಇದೇ ಕಾಯಿಲೆಯ 490 ಜನರ ಮೇಲೆ ಒಂದು ಪ್ರಯೋಗ ಮಾಡಿ 2015ರಲ್ಲಿ ಪ್ರಕಟಿಸಿದರು. ಮಾಮೂಲಿ ಚಿಕಿತ್ಸೆ ಎಲ್ಲರಿಗೂ ಇತ್ತು. ಅರ್ಧ ಜನಕ್ಕೆ ಅದರ ಮೇಲೆ ಕೈಬೆರಳಿನ ವ್ಯಾಯಾಮ ಹೇಳಿಕೊಟ್ಟರು, ಚಾಚೋದು, ಮಡಚೋದು, ಮೆತ್ತನೆ ಚೆಂಡು, ರಬ್ಬರ್ ಪಟ್ಟಿ ಎಳೆಯೋದು. ಒಂದು ವರ್ಷದ ಕೊನೆಗೆ ಅವರ ಕೈ ಕೆಲಸ ಮಾಡೋ ಸಾಮರ್ಥ್ಯ ಉಳಿದವರಿಗಿಂತ ಚೆನ್ನಾಗಿತ್ತು, ಕೀಲಿಗೆ ಹಾನಿಯೂ ಆಗಲಿಲ್ಲ. ಅಮೆರಿಕದ ರುಮಟಾಲಜಿ ಕಾಲೇಜು 2022ರಲ್ಲಿ ಔಷಧೇತರ ಉಪಾಯಗಳ ಬಗ್ಗೆ ಮಾರ್ಗಸೂಚಿ ಕೊಟ್ಟಾಗ ಬಲವಾಗಿ ಶಿಫಾರಸು ಮಾಡಿದ್ದು ಇದೊಂದನ್ನೇ, ನಿಯಮಿತ ವ್ಯಾಯಾಮ. ನಾನು ಚಪಾತಿ ಹಿಟ್ಟಿನ ಉಂಡೆ ಹಿಡಿದು ಬೆರಳಾಡಿಸ್ತೀನಿ. ಸಂಜೆ ಅರ್ಧ ಗಂಟೆ ನಡೀತೀನಿ. ಯೋಗದಲ್ಲಿ ಅಂಗೈ ಊರೋ ಆಸನ ನನಗೆ ಆಗಲ್ಲ. ಮೇಷ್ಟ್ರು "ಪ್ರಯತ್ನ ಮಾಡಿ" ಅಂದರೂ ಮಾಡಲ್ಲ, ಮೊಣಕೈ ಊರ್ತೀನಿ.

ಇದರ ಜೊತೆಗೇ ಕೀಲು ಉಳಿಸೋ ಕೆಲವು ಸಣ್ಣ ವಿಷಯ. ಚಿಕ್ಕ ಕೀಲಿನ ಕೆಲಸವನ್ನ ದೊಡ್ಡ ಕೀಲಿಗೆ ಕೊಡೋದು. ತರಕಾರಿ ಚೀಲ ಬೆರಳಲ್ಲಿ ನೇತು ಹಾಕಬೇಡಿ, ಮುಂಗೈಗೆ ಹಾಕಿ ಅಥವಾ ಬೆನ್ನಿಗೆ. ಬಾಣಲೆ ಎರಡು ಕೈಯಲ್ಲಿ ಎತ್ತಿ. ಪೆನ್ನು, ಸೌಟಿಗೆ ಬಟ್ಟೆ ಸುತ್ತಿ ಹಿಡಿ ದಪ್ಪ ಮಾಡಿ. ನಾನು ಸ್ಕೂಟರ್ ಬಿಟ್ಟೆ, ಹಿಂಜೇವಾಡಿ ಟ್ರಾಫಿಕ್‌ನಲ್ಲಿ ಬ್ರೇಕ್ ಹಿಡಿದೇ ಬೆರಳು ಊದ್ತಿತ್ತು. ಎರಡು ಭಾಗದ ಕೀಬೋರ್ಡ್, ನಿಲುವು ಮೌಸ್ ಕೊಂಡೆ. ಉದ್ದ ಮೇಲ್‌ಗಳಿಗೆ ಮಾತಾಡಿ ಟೈಪ್ ಮಾಡಿಸ್ತೀನಿ. ಎಲ್ಲಕ್ಕಿಂತ ಕಷ್ಟ ಆಗಿದ್ದು ಮ್ಯಾನೇಜರ್‌ಗೆ ಹೇಳೋದು. ಅಪ್ರೈಸಲ್‌ಗೆ ಹೊಡೆತ ಬೀಳುತ್ತೆ ಅಂತ ಎರಡು ವರ್ಷ ಮುಚ್ಚಿಟ್ಟಿದ್ದೆ. ಹೇಳಿದ ಮೇಲೆ ಒಂಬತ್ತರ ಮೀಟಿಂಗ್ ಹನ್ನೊಂದಕ್ಕೆ ಹೋಯ್ತು, ಅಷ್ಟೇ. ಎಲ್ಲರ ಮ್ಯಾನೇಜರ್ ಹಾಗಿರಲ್ಲ, ಗೊತ್ತು.

ಮೂರನೇದು ನಿದ್ದೆ. ರಿಲೀಸ್ ರಾತ್ರಿ ಮೂರು ಗಂಟೆಗೆ ಮಲಗಿದರೆ ಮುಂದಿನ ಎರಡು ದಿನದ ಅಂಕಿ ಕೆಂಪು. ಆರು ಗಂಟೆಗಿಂತ ಕಡಿಮೆ ನಿದ್ದೆ ಆದ ಪ್ರತಿ ಸಲವೂ ಇದು ಕಂಡಿತು. ಅದನ್ನ ನೋಡಿದ ಮೇಲೆ ಆನ್‌ಕಾಲ್ ರಾತ್ರಿಗಳನ್ನ ಬಿಟ್ಟುಕೊಟ್ಟು ಅದರ ಬದಲು ಬೇರೆಯವರ ಹಬ್ಬದ ರಜೆಯಲ್ಲಿ ಹಗಲು ಕೆಲಸ ಮಾಡ್ತೀನಿ.

ಈಗ ಊಟಕ್ಕೆ ಬರೋಣ, ನೀವೆಲ್ಲಾ ಕಾಯ್ತಿರೋದು ಇದಕ್ಕೇ. ಬದನೆಕಾಯಿ ನಂಜು, ಆಲೂಗಡ್ಡೆ ವಾಯು, ಹುಳಿ ತಿನ್ನಬೇಡ, ಮೊಸರು ಬೇಡ. ಅಮ್ಮನ ಪಟ್ಟಿ ಪಾಲಿಸಿದರೆ ತಿನ್ನೋಕೆ ಗಂಜಿ ಒಂದೇ ಉಳಿಯೋದು. ಒಂದೊಂದನ್ನೂ ಆರಾರು ವಾರ ಬಿಟ್ಟು ನೋಡಿದೆ. ಬದನೆಕಾಯಿಗೂ ನನ್ನ ಕೀಲಿಗೂ ಏನೂ ಸಂಬಂಧ ಇಲ್ಲ. ನಿಮಗೆ ಇರಬಹುದು, ಪ್ರಯೋಗ ಮಾಡಿ, ಆದರೆ ಬರೆದಿಟ್ಟು ಮಾಡಿ.

ಅರಿಶಿನದ್ದು ಲೆಕ್ಕ ಹೇಳ್ತೀನಿ. ಅದರಲ್ಲಿ ಕೆಲಸ ಮಾಡೋ ಅಂಶ ಕರ್ಕ್ಯುಮಿನ್, ತೂಕದಲ್ಲಿ ನೂರಕ್ಕೆ ಸುಮಾರು 3 ಭಾಗ. ಅದೂ ರಕ್ತಕ್ಕೆ ಸರಿಯಾಗಿ ಸೇರಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು, ಜಗತ್ತಿನಾದ್ಯಂತ ಇವತ್ತಿಗೂ ಅದನ್ನೇ ಉಲ್ಲೇಖಿಸ್ತಾರೆ. 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟರೆ ರಕ್ತಕ್ಕೆ ಸೇರೋದು ಸುಮಾರು 20 ಪಟ್ಟು ಹೆಚ್ಚುತ್ತೆ ಅಂತ. ಅರಿಶಿನದ ಹಾಲಿಗೆ ಮೆಣಸಿನ ಪುಡಿ ಹಾಕೋ ಅಜ್ಜಿಗೆ ಅಂಕ ಸಿಕ್ತು. ಆದರೆ 2 ಗ್ರಾಂ ಕರ್ಕ್ಯುಮಿನ್ ಬೇಕು ಅಂದ್ರೆ 60, 70 ಗ್ರಾಂ ಅರಿಶಿನ ತಿನ್ನಬೇಕು. ಒಂದು ಲೋಟ ಹಾಲಿಗೆ ನಾವು ಹಾಕೋದು ಅರ್ಧ ಚಮಚ. ಹಾಗಾದ್ರೆ ಕ್ಯಾಪ್ಸೂಲ್ ತಗೊಳ್ಳೋಣವಾ? ಅಲ್ಲಿ ನಿಲ್ಲಿ. ಪೈಪರಿನ್ ಬೇರೆ ಕೆಲವು ಔಷಧಗಳನ್ನೂ ಹೆಚ್ಚು ಹೀರಿಸುತ್ತೆ. ಗಟ್ಟಿ ಅರಿಶಿನದ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ. ನಮ್ಮ ಮೆಥೊಟ್ರೆಕ್ಸೇಟ್‌ಗೂ ಯಕೃತ್ತಿನ ಮೇಲೇ ಕಣ್ಣಿಡಬೇಕು. ಸಾರಿಗೆ ಹಾಕೋ ಅರಿಶಿನ ಧಾರಾಳವಾಗಿ ಹಾಕಿ, ಕ್ಯಾಪ್ಸೂಲ್ ಡಾಕ್ಟರನ್ನ ಕೇಳದೆ ಬೇಡ.

ಮೀನಿನ ಎಣ್ಣೆಗೆ ಒಂದಿಷ್ಟು ಗಟ್ಟಿ ಆಧಾರ ಇದೆ. ದಿನಕ್ಕೆ ಸುಮಾರು 3 ಗ್ರಾಂ ಒಮೆಗಾ 3, ಮೂರು ತಿಂಗಳ ಮೇಲೆ, ಬಿಗಿತ ಮತ್ತು ನೋವು ಸ್ವಲ್ಪ ಇಳಿಯುತ್ತೆ. ಸ್ವಲ್ಪ ಅನ್ನೋ ಪದ ಬಿಡಬೇಡಿ. ನಮ್ಮನೆಯವರು ಮಂಗಳೂರಿನವರು, ಇಲ್ಲಿ ಮಾರ್ಕೆಟ್‌ನಲ್ಲಿ ಬಂಗುಡೆಗೆ ಬಾಂಗಡಾ, ಬೂತಾಯಿಗೆ ತಾರ್ಲಿ ಅಂತ ಕೇಳಿ ತರ್ತಾರೆ. ವಾರಕ್ಕೆ ಎರಡು ಮೂರು ಸಲ ತಿಂತೀವಿ. ಪ್ರಯೋಗದಲ್ಲಿ ಕೊಟ್ಟಷ್ಟು ಅದರಿಂದ ಆಗಲ್ಲ, ಆದರೂ ಊಟವಾಗಿ ಒಳ್ಳೇದು. ಸಸ್ಯಾಹಾರಿಗಳು ಅಗಸೆ ಬೀಜದ ಚಟ್ನಿಪುಡಿ ತಿನ್ನಿ, ಅದರ ಒಮೆಗಾ ಬೇರೆ ಥರದ್ದು, ಮೈಯಲ್ಲಿ ಮೀನಿನ ಥರದ್ದಾಗಿ ಬದಲಾಗೋದು ಬಹಳ ಕಡಿಮೆ. ಪಾಚಿಯಿಂದ ತೆಗೆದ ಕ್ಯಾಪ್ಸೂಲ್ ಇದೆ. ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ಳೋರು ಕೇಳಿಯೇ ತಗೊಳ್ಳಿ.

ಉಪವಾಸದ ಬಗ್ಗೆ ನಾರ್ವೆಯ ಒಂದು ಪ್ರಯೋಗ 1991ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ವಾರ, ಹತ್ತು ದಿನ ಉಪವಾಸ, ಆಮೇಲೆ ಹಾಲೂ ಇಲ್ಲದ ಸಸ್ಯಾಹಾರ, ಕೊನೆಗೆ ಹಾಲು ಸೇರಿಸಿದ ಸಸ್ಯಾಹಾರ. ಒಂದು ವರ್ಷದವರೆಗೂ ಸುಧಾರಣೆ ಕಂಡಿತು. ಕೇವಲ 53 ಜನರ ಪ್ರಯೋಗ, ಆದರೂ ಕುತೂಹಲದ್ದು. ಸೊಪ್ಪು, ಬೇಳೆ, ಕಾಳು, ತರಕಾರಿ ಇರೋ ನಮ್ಮ ಹಳೇ ಊಟ ಅದಕ್ಕೇನು ದೂರ ಇಲ್ಲ. ದೂರ ಇರೋದು ರಾತ್ರಿ ಹನ್ನೊಂದಕ್ಕೆ ಆರ್ಡರ್ ಮಾಡೋ ಬಿರಿಯಾನಿ. ಆದರೆ ಖಾಲಿ ಹೊಟ್ಟೆಗೆ ನೋವಿನ ಮಾತ್ರೆ ನುಂಗಿ ಉಪವಾಸ ಮಾಡೋಕೆ ಹೋಗಬೇಡಿ.

ಆಫೀಸ್ ಕೆಳಗೆ ಟಪರಿ ಮುಂದೆ ನಿಲ್ಲೋರಿಗೆ ಒಂದು ಮಾತು. ಸಿಗರೇಟು ಈ ಕಾಯಿಲೆ ಬರೋ ಸಾಧ್ಯತೆ ಹೆಚ್ಚಿಸುತ್ತೆ, ಬಂದ ಮೇಲೆ ಔಷಧ ಸರಿಯಾಗಿ ಕೆಲಸ ಮಾಡದ ಹಾಗೂ ಮಾಡುತ್ತೆ. ಸಿಗರೇಟು ಬಿಡೋದಕ್ಕಿಂತ ದೊಡ್ಡ ನೈಸರ್ಗಿಕ ಉಪಾಯ ಅಂಗಡಿಯಲ್ಲಿ ಸಿಗಲ್ಲ. ಮೆಥೊಟ್ರೆಕ್ಸೇಟ್ ಮೇಲಿದ್ದರೆ ಶುಕ್ರವಾರದ ಬಿಯರ್ ಬಗ್ಗೆಯೂ ಡಾಕ್ಟರ್ ಹತ್ತಿರ ಮುಚ್ಚುಮರೆ ಇಲ್ಲದೆ ಮಾತಾಡಿ.

ಇನ್ನು "ಇಮ್ಯುನಿಟಿ ಬೂಸ್ಟರ್". ನಮಗೆ ಇರೋ ತೊಂದರೆಯೇ ಆ ವ್ಯವಸ್ಥೆ ಅತಿಯಾಗಿ ಕೆಲಸ ಮಾಡೋದು. ಕೊರೊನಾ ಕಾಲದಲ್ಲಿ ಎಲ್ಲರೂ ಅಮೃತಬಳ್ಳಿ ಕಷಾಯ ಕುಡಿದರು. ಅದನ್ನ ಕುಡಿದ ಆರು ಜನಕ್ಕೆ ಯಕೃತ್ತಿಗೆ ಹಾನಿಯಾದ ವರದಿಯನ್ನ ಮುಂಬೈ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನ ಒಪ್ಪಲಿಲ್ಲ. ಜಗಳ ಅವರಿಗೆ ಬಿಡೋಣ, ನಾನಂತೂ ಕುಡಿಯಲ್ಲ.

ಆಯುರ್ವೇದಕ್ಕೆ ಅನ್ಯಾಯ ಆಗಬಾರದು, ಅದಕ್ಕೆ ಇದನ್ನೂ ಹೇಳಬೇಕು. ಕೊಯಮತ್ತೂರಿನಲ್ಲಿ ಶಾಸ್ತ್ರೀಯ ಆಯುರ್ವೇದ, ಮೆಥೊಟ್ರೆಕ್ಸೇಟ್, ಎರಡೂ ಸೇರಿಸಿ, ಹೀಗೆ ಮೂರು ಗುಂಪು ಮಾಡಿ ಒಂದು ಪ್ರಯೋಗ ನಡೀತು, 2011ರಲ್ಲಿ ಪ್ರಕಟ ಆಯ್ತು. ಮೂರೂ ಗುಂಪಿನಲ್ಲಿ ಹೆಚ್ಚು ಕಡಿಮೆ ಒಂದೇ ಥರದ ಸುಧಾರಣೆ. ಇದ್ದವರು 43 ಜನ, 36 ವಾರ. ಅಷ್ಟರ ಮೇಲೆ ನಿಂತು ತೀರ್ಮಾನ ಮಾಡೋಕಾಗಲ್ಲ, ಮಾಡಿದವರೇ ಅದನ್ನ ಆರಂಭಿಕ ಪ್ರಯೋಗ ಅಂತ ಕರೆದಿದ್ದಾರೆ. ಅಲ್ಲಿ ಓದಿದ ವೈದ್ಯರಿದ್ದರು, ಪರೀಕ್ಷೆಗಳಿದ್ದವು, ಯಾವ ಔಷಧ ಅಂತ ಬರೆದಿಟ್ಟಿದ್ದರು. ಬೂದು ಪುಡಿಯ ಪೊಟ್ಟಣಕ್ಕೂ ಅದಕ್ಕೂ ಸಂಬಂಧ ಇಲ್ಲ. ನೀವು ಆಯುರ್ವೇದಕ್ಕೆ ಹೋಗೋದಾದರೆ ಹೋಗಿ. ಎರಡೂ ಡಾಕ್ಟರಿಗೆ ಒಬ್ಬರ ಔಷಧ ಇನ್ನೊಬ್ಬರಿಗೆ ಹೇಳಿ, ಸಿಆರ್‌ಪಿ, ಎಕ್ಸ್‌ರೇ ಮಾಡಿಸ್ತಾ ಇರಿ, ಹೆಸರು ಬರೆಯದ ಪುಡಿ ಮುಟ್ಟಬೇಡಿ. ನಾಲ್ಕು ದಿನಕ್ಕೆ ಪವಾಡ ಆದರೆ ಖುಷಿ ಪಡೋ ಬದಲು ಗಾಬರಿ ಆಗಿ.

ಮೆಥೊಟ್ರೆಕ್ಸೇಟ್ ತಗೊಳ್ಳೋರು ಮನೆಯಲ್ಲಿದ್ದರೆ ದಯವಿಟ್ಟು ಇದನ್ನ ಕೇಳಿಸಿಕೊಳ್ಳಿ. ಅದು ವಾರಕ್ಕೆ ಒಂದು ದಿನ ಮಾತ್ರ. ದಿನಾ ತಗೊಂಡು ಪ್ರಾಣ ಕಳೆದುಕೊಂಡವರಿದ್ದಾರೆ. ನನ್ನದು ಭಾನುವಾರ ರಾತ್ರಿ. ಕ್ಯಾಲೆಂಡರ್‌ನಲ್ಲಿ ಅಲಾರಂ ಇದೆ, ನಮ್ಮನೆಯವರ ಫೋನಿನಲ್ಲೂ ಇದೆ.

ಚೆನ್ನೈನಿಂದ ಒಬ್ಬರು ಚಾಟ್‌ನಲ್ಲಿ ಕೇಳಿದ್ದಾರೆ. "ಅಕ್ಕಾ, ಮದುವೆ ಆಗಿ ಎರಡು ವರ್ಷ, ಮಗು ಬೇಕು ಅಂತಿದ್ದೀವಿ, ಅದಕ್ಕೇ ಔಷಧ ಬಿಟ್ಟು ನೈಸರ್ಗಿಕಕ್ಕೆ ಹೋಗೋಣ ಅಂತ."

ಒಳ್ಳೆ ಪ್ರಶ್ನೆ ಕಣಮ್ಮ. ಮೆಥೊಟ್ರೆಕ್ಸೇಟ್ ಗರ್ಭಕ್ಕೆ ಅಪಾಯ, ಅದು ನಿಜ. ಗರ್ಭಧಾರಣೆಗೆ ಕೆಲವು ತಿಂಗಳು ಮುಂಚೆಯೇ ನಿಲ್ಲಿಸಬೇಕು, ಎಷ್ಟು ಮುಂಚೆ ಅಂತ ನಿನ್ನ ಡಾಕ್ಟರು ಹೇಳ್ತಾರೆ. ಆದರೆ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್ ಥರದವು ಗರ್ಭಿಣಿಯರೂ ತಗೊಳ್ಳಬಹುದಾದ ಔಷಧಗಳು. ಬಿಡೋದಲ್ಲ, ಬದಲಾಯಿಸೋದು. ಹಾಗಾಗಿ ಪ್ಲಾನ್ ಮಾಡೋಕೆ ಮುಂಚೆಯೇ ಹೋಗಿ ಮಾತಾಡು. ಗರ್ಭಿಣಿಯಾದಾಗ ತುಂಬಾ ಜನಕ್ಕೆ ನೋವು ತಾನಾಗೇ ಇಳಿಯುತ್ತೆ, ಆಗಲೇ ಹೇಳಿದ ಹೆಂಚ್ ಅದನ್ನ ಗಮನಿಸಿದ್ದೂ ಕಾರ್ಟಿಸೋನ್ ಕಡೆಗೆ ಹೋಗೋಕೆ ಒಂದು ಕಾರಣ. ಹೆರಿಗೆ ಆದ ಮೇಲೆ ಮತ್ತೆ ಏರೋದೂ ಸಾಮಾನ್ಯ, ಮಗು ಎತ್ತಿಕೊಳ್ಳೋ ಹೊತ್ತಿಗೆ. ಆ ತಿಂಗಳುಗಳಿಗೆ ಅಮ್ಮನನ್ನೋ ಅತ್ತೆಯನ್ನೋ ಈಗಲೇ ಕೇಳಿಟ್ಟುಕೋ. ನನಗೆ ಮಗಳು ಹುಟ್ಟಿದ್ದು 2023ರಲ್ಲಿ. ಮೂರು ತಿಂಗಳು ಅವಳ ಲಂಗೋಟಿ ಗಂಟು ಕಟ್ಟಿದ್ದೆಲ್ಲಾ ನನ್ನ ಅಮ್ಮ. ಬೆಳಿಗ್ಗೆ ನನ್ನ ಕೈಗೆ ಬಿಸಿನೀರು ಇಟ್ಟು, ಆಮೇಲೆ ಮಗುವಿಗೆ ಇಡ್ತಿದ್ದಳು.

ಇನ್ನೊಂದು ಪ್ರಶ್ನೆ ಇದೆ, ಎಕ್ಸೆಲ್ ಶೀಟ್ ಕೊಡ್ತೀರಾ ಅಂತ. ಕೊಡ್ತೀನಿ, ವಿಡಿಯೋ ಕೆಳಗೆ ಹಾಕೋಕೆ ಹೇಳಿದ್ದೀನಿ. ನನ್ನ ಅಂಕಿ ತೆಗೆದು ಖಾಲಿ ಶೀಟ್ ಇಟ್ಟಿರ್ತೀನಿ. ಹುಷಾರಾಗಿ ಹೋಗಿ, ವಾಕಡ್ ಬ್ರಿಡ್ಜ್ ಕೆಳಗೆ ನೀರು ನಿಂತಿದೆಯಂತೆ.